ಹನ್ನೆರಡರಲ್ಲಿ ಮೂರು ಜಾಗ ಪ್ರಥಮ ಪಿಯುಗೆ ಕೊಡಿ

ತಾಲ್ಲೂಕು ಮಟ್ಟದ ಪದವಿಪೂರ್ವ ಕ್ರೀಡಾಕೂಟಕ್ಕೆ ಕಬಡ್ಡಿ ತಂಡದ ಆಯ್ಕೆ ಹತ್ತಿರ ಬಂದಿದೆ. ಹನ್ನೆರಡು ಜನರ ಪಟ್ಟಿ. ಅಂಕಣಕ್ಕೆ ಇಳಿಯುವವರು ಏಳು, ಹೊರಗೆ ಕೂರುವವರು ಐವರು. ಕಳೆದ ವರ್ಷ ನಮ್ಮ ಪಟ್ಟಿಯಲ್ಲಿ ಹನ್ನೊಂದು ಜನ ದ್ವಿತೀಯ ಪಿಯುದವರಿದ್ದರು. ಅವರೆಲ್ಲ ಪರೀಕ್ಷೆ ಬರೆದು ಹೋದರು. ಆ ತಂಡದಲ್ಲಿ ಉಳಿದಿರುವವನು ನಾನೊಬ್ಬನೇ. ಈ ವರ್ಷವೂ ಮೈಕಟ್ಟು ಬೆಳೆದ, ಊರ ಪಂದ್ಯಗಳಲ್ಲಿ ಆಡಿ ಪಳಗಿದ ದ್ವಿತೀಯ ಪಿಯುದವರನ್ನೇ ಪೂರ್ತಿ ತೆಗೆದುಕೊಳ್ಳೋಣ, ಗೆದ್ದರೆ ಸಾಕು ಎಂಬ ಮಾತು ಮೈದಾನದಲ್ಲಿ ಕೇಳಿಬರುತ್ತಿದೆ. ನನ್ನ ಅಭಿಪ್ರಾಯ ಬೇರೆ. ಕನಿಷ್ಠ ಮೂರು ಜಾಗ ಪ್ರಥಮ ಪಿಯುದವರಿಗೆ ಇರಲಿ. ಹಾಗೆ ಮಾಡಿದರೆ ಹೋಗುವ ಜಾಗ ನನ್ನದೇ ಆದರೂ ಆಗಬಹುದು, ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇದು ನಮ್ಮ ಮೈದಾನದ ಚರ್ಚೆ ಮಾತ್ರ ಅಲ್ಲ. ಅಮೆರಿಕದಲ್ಲಿ ಅವರದೇ ಒಂದು ಫುಟ್‌ಬಾಲ್ ಇದೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅಲ್ಲಿ ಪ್ರತಿ ವರ್ಷ ಕಾಲೇಜಿನಿಂದ ಬರುವ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಮುಂದಿನ ವರ್ಷಗಳ ಆ ಸರದಿಯನ್ನೇ ಬೇರೆ ತಂಡಕ್ಕೆ ಕೊಟ್ಟು, ಬದಲಿಗೆ ಹೆಸರಾದ ಆಟಗಾರನನ್ನು ಪಡೆಯಬಹುದು. ಇನ್ನೂ ಯಾರೆಂದೇ ಗೊತ್ತಿಲ್ಲದ ಹುಡುಗನನ್ನು ಕೊಟ್ಟು ಗೊತ್ತಿರುವವನನ್ನು ತರುವ ವ್ಯಾಪಾರ. 1989ರಲ್ಲಿ ಮಿನೆಸೋಟಾ ವೈಕಿಂಗ್ಸ್ ತಂಡ ಹರ್ಷಲ್ ವಾಕರ್ ಎಂಬ ಒಬ್ಬ ಓಟಗಾರನಿಗಾಗಿ ಡಲ್ಲಾಸ್ ಕೌಬಾಯ್ಸ್ ತಂಡಕ್ಕೆ ಐದು ಆಟಗಾರರನ್ನೂ ಹಲವು ವರ್ಷಗಳ ಸರದಿಯನ್ನೂ ಕೊಟ್ಟಿತು. ಆ ಸರದಿಗಳಿಂದ ಎಮಿಟ್ ಸ್ಮಿತ್‌ನಂಥವರನ್ನು ಕಟ್ಟಿಕೊಂಡ ಡಲ್ಲಾಸ್ ಮುಂದೆ ಮೂರು ಬಾರಿ ಚಾಂಪಿಯನ್ ಆಯಿತು. ವೈಕಿಂಗ್ಸ್ ಇವತ್ತಿಗೂ ಒಮ್ಮೆಯೂ ಆಗಿಲ್ಲ.

ನಮಗೆ ಹತ್ತಿರದ ಉದಾಹರಣೆ ಬೇಕೆಂದರೆ ಪ್ರೊ ಕಬಡ್ಡಿ ನೋಡಿ. ಅಲ್ಲಿ ಹರಾಜು ಇದೆ, ಹೊಸ ಹುಡುಗರನ್ನು ಆರಿಸಿ ಬೆಳೆಸುವ ವ್ಯವಸ್ಥೆಯೂ ಇದೆ. ನಮ್ಮ ಬೆಂಗಳೂರು ಬುಲ್ಸ್ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. 2015ರಲ್ಲಿ ಹದಿನೆಂಟು ವರ್ಷದ ಪ್ರದೀಪ್ ನರ್ವಾಲ್ ಬುಲ್ಸ್‌ನಲ್ಲೇ ಇದ್ದ. ಕೆಲವೇ ಪಂದ್ಯ ಆಡಿಸಿ ಬಿಟ್ಟರು. ಪಟ್ನಾ ಪೈರೇಟ್ಸ್ ಕರೆದುಕೊಂಡಿತು. ಮೂರು, ನಾಲ್ಕು, ಐದನೇ ಆವೃತ್ತಿ, ಸತತ ಮೂರು ಬಾರಿ ಪಟ್ನಾ ಚಾಂಪಿಯನ್. ಐದನೇ ಆವೃತ್ತಿಯೊಂದರಲ್ಲೇ ಪ್ರದೀಪ್ ತಂದ ರೈಡ್ ಅಂಕ 369. ಒಂಬತ್ತು ವರ್ಷ ಕಳೆದ ಮೇಲೆ, 2024ರ ಹರಾಜಿನಲ್ಲಿ, ಬುಲ್ಸ್ ಅದೇ ಪ್ರದೀಪ್‌ನನ್ನು 70 ಲಕ್ಷ ಕೊಟ್ಟು ಮರಳಿ ತಂದಿತು. ಹೆಸರು ಅದೇ, ವೇಗ ಅದಲ್ಲ. ಆ ವರ್ಷ ಬುಲ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು ಎರಡು, ಸ್ಥಾನ ಹನ್ನೆರಡು. ಇದ್ದದ್ದೇ ಹನ್ನೆರಡು ತಂಡ! ಎಳೆಯನಾಗಿದ್ದಾಗ ಬಿಟ್ಟುಕೊಟ್ಟು, ದಣಿದ ಮೇಲೆ ಕೊಂಡುಕೊಳ್ಳುವುದು ಎಂದರೆ ಇದೇ ಅಲ್ಲವೇ?

ಪವನ್ ಸೆಹ್ರಾವತ್ ವಿಷಯದಲ್ಲಿ ಬುಲ್ಸ್ ಜಾಣತನ ತೋರಿಸಿತ್ತು ಎನ್ನಬೇಕು. ಇನ್ನೂ ದೊಡ್ಡ ಹೆಸರಾಗದಿದ್ದಾಗ, ಆರನೇ ಆವೃತ್ತಿಗೆ 52.8 ಲಕ್ಷಕ್ಕೆ ತಂದರು. ಫೈನಲ್‌ನಲ್ಲಿ ಅವನೊಬ್ಬನೇ 22 ಅಂಕ ತಂದ, ಗುಜರಾತ್ ವಿರುದ್ಧ 38-33ರಿಂದ ಕಪ್ ಬೆಂಗಳೂರಿಗೆ ಬಂತು. ಅದೇ ಪವನ್‌ಗೆ ದೊಡ್ಡ ಹೆಸರು ಬಂದ ಮೇಲೆ ಏನಾಯಿತು? 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿ ಸುರಿಯಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು, ಇಡೀ ಆವೃತ್ತಿಯಿಂದ ಹೊರಗೆ. ಆದರೂ ಆ ತಂಡ ಸೆಮಿಫೈನಲ್ ತಲುಪಿತು. ತಲುಪಿಸಿದವನು ನರೇಂದರ್ ಎಂಬ ಹೊಸ ಹುಡುಗ, ಮೊದಲ ಆವೃತ್ತಿಯಲ್ಲೇ ಇನ್ನೂರು ರೈಡ್ ಅಂಕ ದಾಟಿದವನು. ಪವನ್ ಗಾಯಗೊಳ್ಳದಿದ್ದರೆ ಅವನಿಗೆ ಅಷ್ಟು ರೈಡ್ ಎಲ್ಲಿ ಸಿಗುತ್ತಿತ್ತು? ಮರುವರ್ಷ ತೆಲುಗು ಟೈಟನ್ಸ್ ಪವನ್‌ಗೆ 2.605 ಕೋಟಿ ಕೊಟ್ಟಿತು. ಇಡೀ ತಂಡಕ್ಕೆ ಇಟ್ಟಿದ್ದ ಮಿತಿ 5 ಕೋಟಿ. ಅರ್ಧಕ್ಕಿಂತ ಹೆಚ್ಚು ಹಣ ಒಬ್ಬನಿಗೇ ಹೋದರೆ ಎಡಮೂಲೆ, ಬಲಮೂಲೆ ಕಾಯುವವರು ಯಾರು? ಟೈಟನ್ಸ್ ಕೊನೆಯ ಸ್ಥಾನಕ್ಕೆ ಹೋಯಿತು. ಪವನ್ ಕೆಟ್ಟದಾಗಿ ಆಡಿದ ಎಂದಲ್ಲ, ಅವನೊಬ್ಬನೇ ಆಡಿದ.

ಇಷ್ಟು ಹೇಳಿದ ಕೂಡಲೇ ನಮ್ಮ ತಂಡದ ಗೆಳೆಯರು ಶಾದ್ಲೂ ಹೆಸರು ಎತ್ತುತ್ತಾರೆ. ಎತ್ತಲೇಬೇಕು. ಇರಾನಿನ ಮೊಹಮ್ಮದ್‌ರೆಝಾ ಶಾದ್ಲೂಗೆ 2.35 ಕೋಟಿ ಕೊಟ್ಟ ಪುಣೇರಿ ಪಲ್ಟನ್ ಹತ್ತನೇ ಆವೃತ್ತಿ ಗೆದ್ದಿತು. ಮುಂದಿನ ವರ್ಷ 2.07 ಕೋಟಿ ಕೊಟ್ಟ ಹರಿಯಾಣ ಸ್ಟೀಲರ್ಸ್ ಗೆದ್ದಿತು. ಆ ಎರಡು ವರ್ಷ ಅವನು ಹೋದ ತಂಡಕ್ಕೇ ಕಪ್. ಅಮೆರಿಕದಲ್ಲೂ ಹಾಗೆ ಒಂದಿದೆ. ಲಾಸ್ ಏಂಜಲೀಸ್ ರ‍್ಯಾಮ್ಸ್ ವರ್ಷಗಟ್ಟಲೆ ಮೊದಲ ಸುತ್ತಿನ ಸರದಿಗಳನ್ನೆಲ್ಲ ಮಾರಿ ಪಳಗಿದವರನ್ನು ತಂದು 2022ರ ಫೆಬ್ರುವರಿಯಲ್ಲಿ ಚಾಂಪಿಯನ್ ಆಯಿತು. ಮರುವರ್ಷ ಐದು ಗೆಲುವು, ಹನ್ನೆರಡು ಸೋಲು. ಒಂದು ಕಪ್‌ಗೆ ಆ ಬೆಲೆ ಸರಿಯೇ ಎಂದು ಕೇಳಿದರೆ, ಅಭಿಮಾನಿಯಾಗಿ ನಾನೂ ಸರಿ ಎನ್ನುತ್ತೇನೇನೋ.

ಆದರೆ ಪುಣೆಯ ತಂಡವನ್ನು ಇನ್ನಷ್ಟು ಹತ್ತಿರದಿಂದ ನೋಡಿ. ನಾಯಕ ಯಾರು? ಅಸ್ಲಂ ಇನಾಮ್ದಾರ್. ಎಂಟನೇ ಆವೃತ್ತಿಯಲ್ಲಿ ಹೊಸ ಹುಡುಗನಾಗಿ ಅದೇ ತಂಡಕ್ಕೆ ಬಂದವನು, ಜೊತೆಗೆ ಮೋಹಿತ್ ಗೋಯತ್. ಎರಡು ವರ್ಷ ಸೋಲು ಗೆಲುವು ಎರಡನ್ನೂ ಅವರ ಕೈಗೇ ಬಿಟ್ಟು ಬೆಳೆಸಿದರು. ಆಮೇಲೆ ಶಾದ್ಲೂ ಬಂದ. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣವನ್ನು 28-25ರಿಂದ ಸೋಲಿಸಿದಾಗ ಕಪ್ ಎತ್ತಿದ್ದು ಅಸ್ಲಂ. ಆ ತಂಡದ ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಹುಡುಗರನ್ನು ಮಾರಿ ಹೆಸರಾದವನನ್ನು ತಂದದ್ದಲ್ಲ, ಹುಡುಗರು ನಿಂತ ಮೇಲೆ ಅವರ ಪಕ್ಕಕ್ಕೆ ತಂದದ್ದು. ಈ ವ್ಯತ್ಯಾಸ ನಮ್ಮಲ್ಲಿ ಯಾರೂ ಹೇಳುವುದಿಲ್ಲ.

ನಮ್ಮ ಶಿರಸಿ, ಸಿದ್ದಾಪುರ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅಡಿಕೆ ತೋಟದಲ್ಲಿ ಹಳೇ ಮರ ಫಲ ಕೊಡುತ್ತಿರುವಾಗಲೇ ನಡುವೆ ಸಸಿ ನೆಡುತ್ತಾರೆ. ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು. ಮರ ಬಿದ್ದ ಮೇಲೆ ನೆಟ್ಟರೆ ಅಷ್ಟೂ ವರ್ಷ ಕೊಟ್ಟೆ ಖಾಲಿ. ಯಲ್ಲಾಪುರದ ಕಡೆ ಇನ್ನೊಂದು ಕಹಿ ನೆನಪಿದೆ. ಎಂಬತ್ತರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಯಲ್ಲಾಪುರ, ಹಳಿಯಾಳ ಭಾಗದ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತರಬೇತಿ ಕೊಡತೊಡಗಿತು. ಕಮಲಾ ಸಿದ್ದಿಯಂಥವರು ದೇಶಕ್ಕಾಗಿ ಓಡಿದರು. 1993ರಲ್ಲಿ ಯೋಜನೆಯೇ ನಿಂತಿತು. ಮಕ್ಕಳು ಅರ್ಧದಲ್ಲಿ ಊರಿಗೆ ಮರಳಿದರು. ಅವರಲ್ಲಿ ಎಷ್ಟು ಜನ ಪದಕ ತರುತ್ತಿದ್ದರು ಎಂದು ಲೆಕ್ಕ ಹಾಕಲು ಬರುವುದಿಲ್ಲ. ಕಾಣದ ನಷ್ಟವಾದ್ದರಿಂದಲೇ ಯಾರಿಗೂ ನೋವಾಗುವುದಿಲ್ಲ.

ಪಿಯು ಕಾಲೇಜಿಗೆ ಕಷ್ಟ ಇನ್ನೂ ಹೆಚ್ಚು. ನಮ್ಮಲ್ಲಿ ಆಟಗಾರನ ಆಯುಷ್ಯವೇ ಎರಡು ವರ್ಷ. ಜೂನ್‌ನಲ್ಲಿ ಸೇರಿದವನು ಮಳೆಯಲ್ಲಿ ಮೈದಾನ ಕಾಣುವಷ್ಟರಲ್ಲಿ ಪಂದ್ಯ ಬಂದಿರುತ್ತದೆ. ಆ ವರ್ಷ ಬೆಂಚೂ ಸಿಗದಿದ್ದರೆ ಮರುವರ್ಷ ಅವನೇ "ಅನುಭವಿ" ಎಂದು ಇಳಿಯುತ್ತಾನೆ, ಒಂದು ಪಂದ್ಯವನ್ನೂ ಆಡದೆ. ನಾನು ಕಳೆದ ಸಲ ಹೊರಗೆ ಕೂತು ಕಲಿತದ್ದು, ಎದುರಾಳಿ ಬೋನಸ್‌ಗೆ ಕಾಲು ಚಾಚುವ ಮುನ್ನ ಭುಜ ಎತ್ತ ತಿರುಗುತ್ತದೆ ಎಂಬುದು. ಅಭ್ಯಾಸದಲ್ಲಿ ಅದು ಕಾಣುವುದಿಲ್ಲ, ಏಕೆಂದರೆ ನಮ್ಮವರ ಭುಜ ನಮಗೆ ಗೊತ್ತೇ ಇರುತ್ತದೆ.

ದೈಹಿಕ ಶಿಕ್ಷಣ ಉಪನ್ಯಾಸಕರಲ್ಲಿ ನನ್ನ ವಿನಂತಿ ದೊಡ್ಡದಲ್ಲ. ಹನ್ನೆರಡರಲ್ಲಿ ಮೂವರು ಪ್ರಥಮ ಪಿಯು. ಅವರಲ್ಲಿ ಒಬ್ಬನಾದರೂ ಮೊದಲ ಏಳರಲ್ಲಿ. ನಾವು ಮುಂದಿದ್ದಾಗ ಉಳಿದಿಬ್ಬರನ್ನೂ ಕೊನೆಯ ಐದು ನಿಮಿಷ ಇಳಿಸಿ. ಇದರಿಂದ ಈ ವರ್ಷ ತಾಲ್ಲೂಕಿನಲ್ಲೇ ಸೋತರೂ ಸೋಲಬಹುದು. ಪ್ರಥಮ ಪಿಯು ವಾಣಿಜ್ಯ ವಿಭಾಗದಲ್ಲಿ ಒಬ್ಬ ಎಡಗೈ ಹುಡುಗ ಇದ್ದಾನೆ, ಪಾದ ಹಿಡಿದರೆ ಬಿಡುವುದಿಲ್ಲ. ಮೂರು ದಿನದಿಂದ ಗೆರೆಯ ಹೊರಗೆ ನಿಂತು ನಮ್ಮ ಚಪ್ಪಲಿ ಕಾಯುತ್ತಿದ್ದಾನೆ. ಆಯ್ಕೆಯ ದಿನ ಅವನ ಹೆಸರನ್ನೂ ಕರೆಯಿರಿ.