ವಿಮಾನ ನೋಂದಣಿಯ ಆಯವ್ಯಯ

ಮಾನ್ಯ ಸಂಪಾದಕರೆ,

ಪರದೇಶದ ವಿಮಾನಗಳನ್ನು ತಮ್ಮಲ್ಲಿ ನೋಂದಾಯಿಸಿಕೊಂಡು ಶುಲ್ಕ ಗಳಿಸುವ ಪುಟ್ಟ ದ್ವೀಪಗಳ ಉದ್ಯಮವನ್ನು ಸುಲಭ ಸಂಪಾದನೆಯೆಂದು ಕೊಂಡಾಡುವವರು, ಆ ಆದಾಯದ ಬೆನ್ನಿಗಂಟಿದ ಹೊಣೆಯನ್ನು ಲೆಕ್ಕಕ್ಕೆ ಹಿಡಿದಂತೆ ತೋರುವುದಿಲ್ಲ. 1944ರ ಷಿಕಾಗೋ ಒಡಂಬಡಿಕೆಯ ಮೇರೆಗೆ ವಿಮಾನವು ತಾನು ನೋಂದಿತವಾದ ರಾಷ್ಟ್ರದ ರಾಷ್ಟ್ರೀಯತೆಯನ್ನೇ ಪಡೆಯುವುದರಿಂದ, ಅದರ ಹಾರಾಟಯೋಗ್ಯತೆಗೆ ಪ್ರಮಾಣಪತ್ರವೀಯುವ ಭಾರವೂ ಆ ರಾಷ್ಟ್ರದ್ದೇ ಆಗುತ್ತದೆ. ರೆಕ್ಕೆಯ ಬಿರುಕನ್ನೂ ಎಂಜಿನ್ನಿನ ದುರಸ್ತಿಯ ದಾಖಲೆಯನ್ನೂ ಪರೀಕ್ಷಿಸಬಲ್ಲ ತಜ್ಞರ ಸಂಬಳ, ಅವರ ದೂರಪ್ರಯಾಣದ ವೆಚ್ಚ ಇವೆಲ್ಲ ಆ ಶುಲ್ಕದಿಂದಲೇ ಹುಟ್ಟಬೇಕು.

ಬ್ರಿಟನ್ನಿನ ಅಧೀನದಲ್ಲಿರುವ ಬರ್ಮುಡಾದ ನಿದರ್ಶನವನ್ನೇ ನೋಡಬಹುದು. ಅಲ್ಲಿ ನೋಂದಿತವಾಗಿ ರಷ್ಯಾದ ಸಂಸ್ಥೆಗಳ ಕೈಯಲ್ಲಿ ಹಾರುತ್ತಿದ್ದ 700ಕ್ಕೂ ಮಿಕ್ಕ ವಿಮಾನಗಳ ಮೇಲ್ವಿಚಾರಣೆಯನ್ನು ಒಡಂಬಡಿಕೆಯ 83 ಬಿಸ್ ವಿಧಿಯನ್ವಯ ರಷ್ಯಾದೊಡನೆ ಹಂಚಿಕೊಳ್ಳಲಾಗಿತ್ತು. ಉಕ್ರೇನ್ ಯುದ್ಧದ ನಿರ್ಬಂಧಗಳ ದೆಸೆಯಿಂದ ಅವುಗಳ ಸುರಕ್ಷತೆಯನ್ನು ಖಚಿತಪಡಿಸಿಕೊಳ್ಳಲಾಗದೆ, 2022ರ ಮಾರ್ಚ್ 12ರಂದು ಬರ್ಮುಡಾ ಆ ಪ್ರಮಾಣಪತ್ರಗಳನ್ನೆಲ್ಲ ತಾತ್ಕಾಲಿಕವಾಗಿ ಅಮಾನತಿನಲ್ಲಿರಿಸಬೇಕಾಯಿತು. ಒಂದೇ ದೇಶದ ಗಿರಾಕಿಗಳನ್ನು ಬಹುವಾಗಿ ನೆಚ್ಚಿದ ಬೊಕ್ಕಸಕ್ಕೆ ಇದಕ್ಕಿಂತ ಕಠಿಣವಾದ ಪಾಠ ಬೇರೆ ಬೇಕಿಲ್ಲ.

ಆದುದರಿಂದ, ಇಂತಹ ನೋಂದಣಿಯನ್ನು ನಡೆಸುವ ಸರಕಾರವು ಆಯದೊಂದಿಗೆ ವ್ಯಯವನ್ನೂ ವರ್ಷವರ್ಷವೂ ಪ್ರಜೆಗಳ ಮುಂದಿಡಬೇಕು. ಆದಾಯದ ಒಂದು ಪಾಲನ್ನು ಆಪತ್ಕಾಲಕ್ಕೆಂದು ಕಾದಿರಿಸಬೇಕು. ತಪಾಸಣೆಗೆ ಹಣವಿಲ್ಲದ ನೋಂದಣಿ ಇರುವುದಕ್ಕಿಂತ ಇಲ್ಲದಿರುವುದೇ ಲೇಸು.

ಇಂತು,
ತಮ್ಮ ವಾಚಕ