ಟ್ರ್ಯಾಕ್ಟರ್‌ಗೆ ಸಬ್ಸಿಡಿ ಇದೆ, ರಿಪೇರಿ ಶೆಡ್ಡಿಗೆ ಜಾಗ ಇಲ್ಲ

ಊರಿಗೆ ಯಂತ್ರ ತರುವುದಕ್ಕೆ ಸರ್ಕಾರದ ಹತ್ತಿರ ಯೋಜನೆ ಇದೆ. ತಂದ ಯಂತ್ರ ಕೆಟ್ಟು ನಿಂತಾಗ ಅದನ್ನು ಎಲ್ಲಿ ರಿಪೇರಿ ಮಾಡಬೇಕು ಎಂಬುದಕ್ಕೆ ಮಾತ್ರ ಯಾವ ಯೋಜನೆಯೂ ಇಲ್ಲ. ಇದು ಮೆಕ್ಯಾನಿಕ್‌ನ ತಲೆನೋವು ಎಂದು ನಾವೆಲ್ಲ ಸುಮ್ಮನಿದ್ದೇವೆ. ಆದರೆ ಇದು ರೈತರ ಪ್ರಶ್ನೆ, ಪಂಚಾಯಿತಿಯ ಪ್ರಶ್ನೆ.

ಲೆಕ್ಕ ನೋಡಿ. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ ಶುರುವಾದದ್ದು 2014–15ರಲ್ಲಿ. ನಮ್ಮ ರಾಜ್ಯದಲ್ಲಿ ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳು ಬಂದದ್ದೂ ಅದೇ ಹೊತ್ತಿಗೆ. ಸಣ್ಣ ಯಂತ್ರ ಕೊಳ್ಳಲು ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90ರವರೆಗೆ ಸಹಾಯಧನ ಸಿಗುತ್ತದೆ. ಪವರ್ ಟಿಲ್ಲರ್, ರೋಟಾವೇಟರ್, ರಾಶಿ ಮಷಿನ್, ಔಷಧಿ ಹೊಡೆಯುವ ಪಂಪು, ಎಲ್ಲವೂ ಹೀಗೆ ಊರು ಸೇರಿವೆ. ಒಳ್ಳೆಯದೇ ಆಯಿತು. ಆದರೆ ಕಬ್ಬಿಣ ಎಂದ ಮೇಲೆ ಸವೆಯುತ್ತದೆ, ಬೆಲ್ಟ್ ಹರಿಯುತ್ತದೆ, ಬೇರಿಂಗ್ ಹೋಗುತ್ತದೆ.

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಭತ್ತದ ಊರುಗಳಲ್ಲಿ ಇದರ ಬಿಸಿ ಎಲ್ಲರಿಗೂ ಗೊತ್ತು. ಮುಂಗಾರಿನ ಭತ್ತ ಒಟ್ಟಿಗೇ ಕಟಾವಿಗೆ ಬರುತ್ತದೆ. ಕಟಾವು ಮಷಿನ್‌ಗೆ ಗಂಟೆ ಲೆಕ್ಕದ ಬಾಡಿಗೆ. ಆಕಾಶದಲ್ಲಿ ಮೋಡ. ಅಂಥ ದಿನ ಮಷಿನ್ ಗದ್ದೆಯಲ್ಲೇ ನಿಂತರೆ ಮೆಕ್ಯಾನಿಕ್ ಹತ್ತಿರದಲ್ಲಿ ಇದ್ದಾನೋ, ನಲವತ್ತು ಕಿಲೋಮೀಟರ್ ಆಚೆ ಇದ್ದಾನೋ ಎನ್ನುವುದರ ಮೇಲೆ ಇಡೀ ಬೆಳೆಯ ಲೆಕ್ಕ ನಿಂತಿರುತ್ತದೆ. ಒಂದು ರಾತ್ರಿ ಮಳೆ ಬಂದರೆ ತೆನೆ ನೆಲಕ್ಕೆ ಒರಗುತ್ತದೆ, ಕಾಳು ಮೊಳಕೆ ಒಡೆಯುತ್ತದೆ.

ಕುಲುಮೆಗೆ ಜಾಗ ಇತ್ತು

ಹಿಂದೆ ಕಮ್ಮಾರನ ಕುಲುಮೆಗೆ ಊರಲ್ಲೇ ಒಂದು ಜಾಗ ಇರುತ್ತಿತ್ತು. ಕುಡ, ಕುಡುಗೋಲು, ಬಂಡಿ ಗಾಲಿಯ ಪಟ್ಟಿ, ಎಲ್ಲ ಅಲ್ಲೇ ಆಗುತ್ತಿತ್ತು. ಸುಗ್ಗಿಯಲ್ಲಿ ಕಮ್ಮಾರನಿಗೆ ಆಯ ಕೊಡುತ್ತಿದ್ದರು. ಆ ಪದ್ಧತಿಯಲ್ಲಿ ಜಾತಿಯ ಕಟ್ಟು ಇತ್ತು, ಅದು ಮತ್ತೆ ಬೇಡ. ಆದರೆ ಒಂದು ತಿಳಿವಳಿಕೆ ಅದರಲ್ಲಿತ್ತು: ಬೇಸಾಯ ನಡೆಯಬೇಕಾದರೆ ಉಪಕರಣ ಸರಿ ಮಾಡುವವನೂ ಊರಲ್ಲೇ ಇರಬೇಕು, ಅವನಿಗೊಂದು ನೆಲೆ ಬೇಕು.

ಇವತ್ತು ಆ ಕೆಲಸ ಮಾಡುವವನು ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತ ಹುಡುಗ, ಇಲ್ಲವೇ ಪೇಟೆಯ ಗ್ಯಾರೇಜಿನಲ್ಲಿ ಹತ್ತು ವರ್ಷ ದುಡಿದು ಊರಿಗೆ ವಾಪಸು ಬಂದವನು. ಕೈಯಲ್ಲಿ ಕೆಲಸ ಇದೆ. ಗಿರಾಕಿ ಇದ್ದಾರೆ. ಶೆಡ್ ಹಾಕುವುದೆಲ್ಲಿ?

ಊರೊಳಗೆ ಇಕ್ಕಟ್ಟು, ಊರಾಚೆ ಕಾನೂನು

ಗ್ರಾಮಠಾಣಾ ಒಳಗೆ ಶೆಡ್ ಹಾಕಿದರೆ ಭೂ ಪರಿವರ್ತನೆಯ ರಗಳೆ ಇಲ್ಲ. ಆದರೆ ಅಲ್ಲಿ ಓಣಿ ಸಣ್ಣದು. ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ತಿರುಗುವುದಿಲ್ಲ, ಕಟಾವು ಮಷಿನ್ ಒಳಗೇ ಬರುವುದಿಲ್ಲ. ಪಕ್ಕದಲ್ಲಿ ಅಂಗನವಾಡಿ, ಎದುರಿಗೆ ಬಾಣಂತಿ ಇರುವ ಮನೆ. ಗ್ರೈಂಡರ್ ಸದ್ದಿಗೆ ಜನ ಬೈದರೆ ಅದು ತಪ್ಪಲ್ಲ.

ರಸ್ತೆ ಪಕ್ಕದ ಹೊಲದ ಮೂಲೆಗೆ ಹೋದರೆ ಜಾಗ ಇದೆ, ಕಾನೂನು ಅಡ್ಡ ಬರುತ್ತದೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ರೈತ ತನ್ನ ಬೇಸಾಯಕ್ಕೆ ಬೇಕಾದ ಶೆಡ್, ಬಾವಿ ಮಾಡಿಕೊಳ್ಳಬಹುದು. ಅದೇ ನೆಲವನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಅನುಮತಿ, ಅಂದರೆ ಪರಿವರ್ತನೆ ಬೇಕು. ಅನುಮತಿ ಇಲ್ಲದೆ ಬಳಸಿದರೆ 96ನೇ ಕಲಂ ಪ್ರಕಾರ ದಂಡ ಇದೆ.

ಇದರ ಅರ್ಥ ಹೀಗಾಗುತ್ತದೆ. ನಿಮ್ಮ ಹೊಲದ ಶೆಡ್ಡಿನಲ್ಲಿ ನಿಮ್ಮದೇ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿದರೆ ಅದು ಕೃಷಿ. ಪಕ್ಕದ ಹೊಲದವರ ಟ್ರ್ಯಾಕ್ಟರ್ ತಂದು ದುಡ್ಡು ತೆಗೆದುಕೊಂಡು ಅದೇ ಕೆಲಸ ಮಾಡಿದರೆ ಕೃಷಿಯೇತರ. ಪಾನಾ ಅದೇ, ಎಣ್ಣೆ ಅದೇ, ಉಳುವ ಹೊಲವೂ ಅದೇ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ರಿಪೇರಿ ಮಾಡುವವನಿಗೆ ಸಾಮಾನ್ಯವಾಗಿ ಸ್ವಂತ ಜಮೀನು ಇರುವುದಿಲ್ಲ. ಪರಿವರ್ತನೆಗೆ ಅರ್ಜಿ ಹಾಕಬೇಕಾದವನು ಜಮೀನಿನ ಮಾಲೀಕ. ತಿಂಗಳ ಬಾಡಿಗೆಗಾಗಿ ಪಹಣಿಯಲ್ಲಿ ಹೊಲದ ಸ್ವರೂಪ ಬದಲಾಯಿಸಲು ಯಾವ ಮಾಲೀಕ ಒಪ್ಪುತ್ತಾನೆ? ಕೃಷಿ ಜಮೀನನ್ನು ಗುತ್ತಿಗೆಗೆ ಕೊಡುವುದಕ್ಕೆ 1961ರ ಭೂ ಸುಧಾರಣಾ ಕಾಯ್ದೆಯಲ್ಲೇ ನಿರ್ಬಂಧ ಇರುವುದರಿಂದ ಕರಾರು ಪತ್ರವನ್ನೂ ಮಾಡಿಕೊಡುವುದಿಲ್ಲ. ಬಾಯಿಮಾತಿನ ಮೇಲೆ ತಗಡಿನ ಶೆಡ್ ಏಳುತ್ತದೆ.

ಬಾಯಿಮಾತಿನ ಶೆಡ್ಡಿಗೆ ಬ್ಯಾಂಕ್ ಸಾಲ ಕೊಡುವುದು ಕಷ್ಟ. ಕಾಗದ ಇಲ್ಲದೆ ವಿದ್ಯುತ್ ಕಂಪನಿಯವರು ಕೈಗಾರಿಕಾ ದರದ ಮೀಟರ್ ಕೊಡುವುದಿಲ್ಲ. ಆಗ ಪಂಪ್‌ಸೆಟ್ ಲೈನಿನಿಂದ ವೆಲ್ಡಿಂಗ್ ಮಷಿನ್‌ಗೆ ವೈರ್ ಎಳೆಯುತ್ತಾರೆ. ಅಲ್ಲಿ ತ್ರೀ ಫೇಸ್ ಸಿಗುವುದು ದಿನಕ್ಕೆ ಕೆಲವೇ ಗಂಟೆ. ನೀರಾವರಿಗೆ ಕೊಟ್ಟ ಕರೆಂಟನ್ನು ಬೇರೆ ಕೆಲಸಕ್ಕೆ ಬಳಸಿ ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ದುಪ್ಪಟ್ಟು ದರದ ಬಿಲ್. ಒಂದು ದೂರು ಬಂದರೆ ಸಾಕು, ಶೆಡ್ ಕೀಳಬೇಕು. ಎಷ್ಟೋ ಕಡೆ ಆ ದೂರಿನ ಹೆದರಿಕೆಯೇ ಯಾರಾದರೂ ಬಂದು ಕೈಚಾಚಲು ದಾರಿಯಾಗುತ್ತದೆ.

ಹಾಗಾದರೆ ಅನುಮತಿಯೇ ಬೇಡವೇ?

ಬೇಕು. ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ. ಅನುಮತಿ ಬೇಡ ಎನ್ನುವವರು ಸುಟ್ಟ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿಲ್ಲ. ಕಾಲುವೆಗೆ ಬಿದ್ದರೆ ಅದೇ ನೀರು ಎಮ್ಮೆಗೆ, ಗದ್ದೆಗೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯ ಎಂದೇ ಕರೆಯುತ್ತವೆ. ರಸ್ತೆಯ ಮೇಲೆ ಸಾಲಾಗಿ ನಿಂತ ಟ್ರಾಲಿಗೆ ರಾತ್ರಿ ಬೈಕ್ ಗುದ್ದಿ ಸತ್ತವರ ಸುದ್ದಿ ಎಲ್ಲ ತಾಲ್ಲೂಕಿನಲ್ಲೂ ಇದೆ. ರಿಪೇರಿ ಶೆಡ್ ಎಂದು ಪರಿವರ್ತನೆ ಮಾಡಿಸಿ ಡಾಬಾ ಕಟ್ಟುವವರೂ ಇದ್ದಾರೆ. ಕೃಷಿ ಭೂಮಿ ಹೀಗೆ ಗುಂಟೆ ಗುಂಟೆಯಾಗಿ ಕರಗುವುದು ಯಾರಿಗೂ ಒಳ್ಳೆಯದಲ್ಲ.

ನಾವು ಕೇಳುವುದು ಷರತ್ತಿನ ಅನುಮತಿ. ಬಡ ಮೆಕ್ಯಾನಿಕ್‌ಗೂ ಎಟುಕುವ ಅನುಮತಿ.

ಪಂಚಾಯಿತಿ ಕೈಯಲ್ಲಿ ಏನಿದೆ

1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಕಟ್ಟಡದ ಅನುಮತಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. ವಿದ್ಯುತ್ ಅಥವಾ ಯಂತ್ರಶಕ್ತಿ ಬಳಸುವ ವರ್ಕ್‌ಶಾಪ್ ಹಾಕಲು 66ನೇ ಕಲಂ ಪ್ರಕಾರ ಪಂಚಾಯಿತಿಯ ಅನುಮತಿ ಬೇಕು. ಅನುಮತಿ ಕೊಡುವಾಗ ಷರತ್ತು ಹಾಕುವ ಅಧಿಕಾರವೂ ಪಂಚಾಯಿತಿಗೆ ಇದೆ. ಅಂದರೆ ಸದ್ದು, ಎಣ್ಣೆ, ಪಾರ್ಕಿಂಗ್ ಬಗ್ಗೆ ಊರಿನವರ ಮಾತು ನಡೆಯುವ ಜಾಗ ನಮ್ಮ ಪಂಚಾಯಿತಿಯೇ.

ಜಾಗದ ವಿಷಯಕ್ಕೆ ಬನ್ನಿ. ಬಸ್‌ಸ್ಟ್ಯಾಂಡ್ ಹತ್ತಿರ ಪಂಚಾಯಿತಿ ಕಟ್ಟಿಸುವ ಮಳಿಗೆಗಳನ್ನು ನೋಡಿದ್ದೀರಿ. ಎಲ್ಲವೂ ಸಣ್ಣ ಸಣ್ಣ ಕೋಣೆ. ಮೊಬೈಲ್ ಅಂಗಡಿಗೆ, ಕ್ಷೌರದ ಅಂಗಡಿಗೆ ಸರಿ. ಟ್ರ್ಯಾಕ್ಟರಿನ ಮುಂದಿನ ಗಾಲಿಯೂ ಒಳಗೆ ಹೋಗುವುದಿಲ್ಲ. ಅದೇ ಹಣದಲ್ಲಿ ಊರಾಚೆ ಸೂಕ್ತ ಜಾಗದಲ್ಲಿ ಎತ್ತರದ ಎರಡು ಶೆಡ್, ಸಿಮೆಂಟ್ ನೆಲ, ಎಣ್ಣೆ ಹಿಡಿಯುವ ಗುಂಡಿ, ಟ್ರಾಲಿ ತಿರುಗುವ ಅಂಗಳ ಮಾಡಿ ಬಾಡಿಗೆಗೆ ಕೊಟ್ಟರೆ ಏನಾಗುತ್ತದೆ? ಪಂಚಾಯಿತಿಗೆ ಬಾಡಿಗೆ ಬರುತ್ತದೆ. ಮೆಕ್ಯಾನಿಕ್‌ಗೆ ಕರಾರು ಪತ್ರ ಸಿಗುತ್ತದೆ. ಆ ಪತ್ರದ ಮೇಲೆ ಮೀಟರ್‌ಗೂ ಸಾಲಕ್ಕೂ ಅರ್ಜಿ ಹಾಕಬಹುದು. ರೈತರಿಗೆ ಹತ್ತಿರದಲ್ಲೇ ರಿಪೇರಿ.

ಸರ್ಕಾರ ಮಾಡಬೇಕಾದ್ದೂ ಇದೆ. ಕೃಷಿ ಯಂತ್ರ ರಿಪೇರಿಯನ್ನು ಕೃಷಿಗೆ ಪೂರಕ ಬಳಕೆ ಎಂದು ಒಪ್ಪಿಕೊಂಡು, ಕೆಲವೇ ಗುಂಟೆಯ ಮಿತಿ ಹಾಕಿ, ರಿಪೇರಿ ನಿಂತ ದಿನ ಜಾಗ ಮತ್ತೆ ಹೊಲ ಎಂಬ ಷರತ್ತಿನ ಮೇಲೆ ಬಿಡಬೇಕು. ಡಾಬಾ ಕಟ್ಟುವವರ ದಾರಿಯೂ ಮುಚ್ಚುತ್ತದೆ, ದುಡಿಯುವವನ ದಾರಿಯೂ ತೆರೆಯುತ್ತದೆ.

ಈಗಲೇ ಶೆಡ್ ಹಾಕಬೇಕು ಎನ್ನುವವರಿಗೆ

ಅದೆಲ್ಲ ಆಗುವವರೆಗೆ ಕಾಯಲು ಆಗದವರು ಈ ಕ್ರಮದಲ್ಲಿ ಹೋಗಿ:

• ಮೊದಲು ಜಾಗದ ದಾಖಲೆ ನೋಡಿ. ಗ್ರಾಮಠಾಣಾ ಜಾಗವಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ತೆಗೆಸಿ. ಹೊಲವಾದರೆ ಪಹಣಿ. ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಮಂಜೂರಾತಿ ಷರತ್ತು ಓದದೆ ಮುಂದೆ ಹೋಗಬೇಡಿ.

• ಪರಿವರ್ತನೆಗೆ ಅಫಿಡವಿಟ್ ಜೊತೆ ಆನ್‌ಲೈನ್‌ನಲ್ಲಿ ಅರ್ಜಿ. 95ನೇ ಕಲಂ ಇತ್ತೀಚೆಗೆ ಹಲವು ಸಲ ತಿದ್ದುಪಡಿಯಾಗಿದೆ. ಹಳೆ ಮಾತು ನಂಬಬೇಡಿ, ಅರ್ಜಿ ಹಾಕುವ ದಿನದ ನಿಯಮವನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಊರು ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ ಮಹಾಯೋಜನೆಯಲ್ಲಿ ನಿಮ್ಮ ಸರ್ವೆ ನಂಬರು ಯಾವ ವಲಯದಲ್ಲಿದೆ ಎಂದೂ ನೋಡಿ.

• ಪಂಚಾಯಿತಿ ಅರ್ಜಿಯ ಜೊತೆ ಕೈಯಲ್ಲೇ ಬರೆದ ನಕ್ಷೆ ಇಡಿ: ಶೆಡ್ ಎಲ್ಲಿ, ಗಾಡಿ ಒಳಗೆ ಬರುವುದೆಲ್ಲಿ, ನಿಲ್ಲುವುದೆಲ್ಲಿ, ಹತ್ತಿರದ ಮನೆ ಎಷ್ಟು ದೂರ. ಸುಟ್ಟ ಎಣ್ಣೆಯನ್ನು ಡ್ರಮ್ಮಿನಲ್ಲಿ ತುಂಬಿಟ್ಟು ಅಧಿಕೃತ ಖರೀದಿದಾರರಿಗೇ ಕೊಡುತ್ತೇನೆ, ಸುಗ್ಗಿ ಬಿಟ್ಟು ಬೇರೆ ದಿನ ರಾತ್ರಿ ಗ್ರೈಂಡರ್ ಹಾಕುವುದಿಲ್ಲ ಎಂದು ನೀವೇ ಬರೆದುಕೊಡಿ. ಪರಿಸರ ಮಾಲಿನ್ಯ ಮಂಡಳಿಯ ಒಪ್ಪಿಗೆ ಬೇಕೇ ಎಂದೂ ಕೇಳಿಕೊಳ್ಳಿ.

• ಅರ್ಜಿ ಹಾಕುವ ಮುಂಚೆ ಅಕ್ಕಪಕ್ಕದವರ ಮನೆಗೆ ಹೋಗಿ ಮಾತಾಡಿ. ಆಮೇಲೆ ಬರುವ ತಕರಾರು ಅರ್ಧ ಕಡಿಮೆಯಾಗುತ್ತದೆ.

• ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಪಡೆಯಿರಿ. ಸಕಾಲದಲ್ಲಿ ಸೇರಿದ ಸೇವೆಯಾದರೆ ಸಕಾಲ ನಂಬರು ಕೇಳಿ. ಗಡುವು ಮೀರಿದರೆ ಮೇಲ್ಮನವಿ ಹಾಕಲು, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಲು ಆ ನಂಬರು ಬೇಕು.

• ಉದ್ಯಮ್ ನೋಂದಣಿ ಆಧಾರ್ ಮೇಲೆ ಉಚಿತವಾಗಿ ಆಗುತ್ತದೆ. ಅದಕ್ಕೆ ಏಜೆಂಟರಿಗೆ ದುಡ್ಡು ಕೊಡಬೇಡಿ. ಪಿಎಂಇಜಿಪಿಯಲ್ಲಿ ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆಗೆ ಸಾಲ ಇದ್ದು, ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ವಿಶೇಷ ವರ್ಗಕ್ಕೆ ಶೇ 35 ಸಹಾಯಧನ ಇದೆ.

ಮುಂದಿನ ಗ್ರಾಮಸಭೆಯಲ್ಲಿ ಕೇಳಿ

ಶೆಡ್ ಹಾಕುವವನು ಒಬ್ಬನೇ ಕಚೇರಿಯಿಂದ ಕಚೇರಿಗೆ ಅಲೆದರೆ ಅದು ಅವನ ಸ್ವಂತ ಕೆಲಸ ಎನಿಸುತ್ತದೆ. ಟ್ರ್ಯಾಕ್ಟರ್ ಇಟ್ಟುಕೊಂಡ ಇಪ್ಪತ್ತು ರೈತರು, ಬಾಡಿಗೆಗೆ ಉಳಿಸಿಕೊಳ್ಳುವ ಐವತ್ತು ರೈತರು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿದರೆ ಅದು ಊರಿನ ಕೆಲಸ. ಪಂಚಾಯಿತಿಯ ವಾರ್ಷಿಕ ಯೋಜನೆಯಲ್ಲಿ ಚರಂಡಿ, ಸಿಸಿ ರಸ್ತೆಯ ಜೊತೆಗೆ "ಕೃಷಿ ಯಂತ್ರ ರಿಪೇರಿ ಶೆಡ್" ಎಂಬ ಒಂದು ಸಾಲು ಸೇರಿಸಿ ಎನ್ನಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿ, ಆಮೇಲೆ ಸಹಿ ಹಾಕಿ.

ಪಿಡಿಒ ಅವರಿಗೆ, ಸದಸ್ಯರಿಗೆ ಒಂದು ಮಾತು. ನಿಮ್ಮ ವ್ಯಾಪ್ತಿಯಲ್ಲಿ ಈಗಾಗಲೇ ಎಷ್ಟು ರಿಪೇರಿ ಶೆಡ್‌ಗಳು ಕಾಗದ ಇಲ್ಲದೆ ನಡೆಯುತ್ತಿವೆ ಎಂದು ನಿಮಗೆ ಗೊತ್ತು. ನೋಟಿಸ್ ಕೊಡುವ ಮೊದಲು ಅವರನ್ನು ಒಂದು ದಿನ ಕರೆದು ಕೂರಿಸಿ, ಏನೇನು ಕಾಗದ ಬೇಕು ಎಂದು ಪಟ್ಟಿ ಮಾಡಿ ಕಚೇರಿಯ ಗೋಡೆಗೆ ಅಂಟಿಸಿ. ಆ ಒಂದು ಹಾಳೆಗೆ ಯಾವ ಅನುದಾನವೂ ಬೇಕಿಲ್ಲ.