ಹೆಸರಿಲ್ಲದ ಊರುಗಳಿಗೆ ಯಾವ ಕಪಾಟು?

ವಿಡಿಯೋ ಗೇಮುಗಳ ವಿಶ್ವಕೋಶ ಕಟ್ಟುವವರಿಗೆ ತೀರದ ಪ್ರಶ್ನೆಯೊಂದಿದೆ: ಆಟದಲ್ಲಿ ಬರುವ ಹೆಸರಿಲ್ಲದ ಕಾಡು, ಸಂತೆ, ಹಳ್ಳಿ, ಕೊಳೆಗೇರಿಗಳನ್ನು ಯಾವ ವರ್ಗಕ್ಕೆ ಸೇರಿಸಬೇಕು? ಇದನ್ನು ಹುಡುಗಾಟಿಕೆಯ ವಿಷಯವೆಂದು ತಳ್ಳಿಹಾಕಲಾಗದು. ವರ್ಗವೆಂಬುದು ಓದುಗನ ಪಾಲಿಗೆ ಕೈಮರ. ಕೈಮರ ತಪ್ಪಿದರೆ ಊರೂ ತಪ್ಪುತ್ತದೆ.

ಸಾಹಿತ್ಯದ ಓದುಗರಾದ ನಮಗೆ ಈ ವಿವೇಚನೆ ಹೊಸದಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ಯ (1979) ಮುಂಬಯಿ ಭೂಪಟದಲ್ಲಿರುವ ನಗರ. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ದೂರ್ವಾಸಪುರ ಹೆಸರುಳ್ಳ, ಆದರೆ ಕಲ್ಪಿತವಾದ ಅಗ್ರಹಾರ. ಅಜ್ಜಿಕತೆಯ ‘ಒಂದಾನೊಂದು ಊರು’ ಇವೆರಡೂ ಅಲ್ಲ. ಅದು ಊರೆಂಬುದರ ಮಾದರಿ ಮಾತ್ರ. ಆಟಗಳಲ್ಲೂ ಹೀಗೆಯೇ. ‘ಗ್ರ್ಯಾಂಡ್ ಥೆಫ್ಟ್ ಆಟೋ 5’ರ (2013) ಲಾಸ್ ಸ್ಯಾಂಟೋಸ್, ಲಾಸ್ ಏಂಜಲೀಸನ್ನು ಹೋಲುವ ಕಲ್ಪಿತ ನಗರ, ‘ಮೈನ್‌ಕ್ರಾಫ್ಟ್’ನ ಹಳ್ಳಿ, ಮರುಭೂಮಿಗಳು ಬರಿಯ ಮಾದರಿಗಳು. ಆದ್ದರಿಂದ ಕಪಾಟು ಮೂರು ಬೇಕು: ನಿಜ ಸ್ಥಳ, ಕಲ್ಪಿತ ಸ್ಥಳ, ಸ್ಥಳದ ಮಾದರಿ.

ತೊಡಕು ಹುಟ್ಟುವುದು ಇವುಗಳ ಗಡಿಯಲ್ಲಿ. ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ (2017) ನಮ್ಮ ಹೊಯ್ಸಳರ ನಾಡಿಗೇ ಬಂದ ಆಟ. ಅದರ ಹಳೇಬೀಡು ಪಶ್ಚಿಮಘಟ್ಟದ ಜಲಪಾತಗಳ, ದೈತ್ಯಾಕಾರದ ದೇವಶಿಲ್ಪಗಳ ನಡುವೆ ಅಡಗಿದ ಪಾಳುನಗರಿ. ಹಾಸನ ಜಿಲ್ಲೆಯ ಬಯಲಿನ ಹಳೇಬೀಡನ್ನು ಕಂಡವರಿಗೆ ಇದು ಬೇರೆಯೇ ಲೋಕ. ಆದರೂ ಆಟ ಆ ಹೆಸರನ್ನು ಉಚ್ಚರಿಸಿದೆ. ಅದು ನಿಜ ಸ್ಥಳದ ಕಪಾಟಿನಲ್ಲೇ ಇರಲಿ, ವ್ಯತ್ಯಾಸವನ್ನು ಲೇಖನದೊಳಗೆ ಬರೆಯೋಣ. ಅದೇ ಆಟದ ಆರಂಭದಲ್ಲಿ ಬರುವ ದಂಗೆಯ ನಗರಕ್ಕೆ ಹೆಸರಿಲ್ಲ. ಅದಕ್ಕೆ ನಾವು ಊಹಿಸಿದ ಊರಿನ ಹೆಸರನ್ನು ಅಂಟಿಸಕೂಡದು.

ಈ ಕಟ್ಟುನಿಟ್ಟಿಗೆ ಕಾರಣವಿದೆ. ‘ಹಿಟ್‌ಮ್ಯಾನ್ 2’ರಲ್ಲಿ (2018) ಮುಂಬಯಿಯ ಒಂದು ಘಟ್ಟವಿದೆ, ಅದರ ಬಹುಭಾಗ ಚಾಳು, ಕಿರುಗಲ್ಲಿ, ಜನಜಂಗುಳಿ. ಅದನ್ನು ಮುಂಬಯಿ ಎನ್ನೋಣ. ಧಾರಾವಿ ಎಂದೋ ಕುರ್ಲಾ ಎಂದೋ ಬರೆಯುವ ಅಧಿಕಾರ ಯಾರಿಗೂ ಇಲ್ಲ. ತಗಡಿನ ಮಾಡು ಕಂಡ ಮಾತ್ರಕ್ಕೆ ಕುರ್ಲಾ ಆಗುವುದಿಲ್ಲ. ಕುರ್ಲಾ ಎಂದರೆ ಮಿಠಿ ನದಿ, ಮತ್ಸ್ಯಗಂಧಾ ಹೊರಡುವ ತಿಲಕ್ ಟರ್ಮಿನಸ್, ಪೂರ್ವಭಾಗದ ಬಂಟರ ಭವನ. ಇವು ಯಾವ ಮಾದರಿಗೂ ದಕ್ಕುವ ವಿವರಗಳಲ್ಲ. ಸಾಮಾನ್ಯ ಚಿತ್ರವೊಂದಕ್ಕೆ ನಮ್ಮ ಊರಿನ ಹೆಸರಿಟ್ಟರೆ, ಕ್ರಮೇಣ ಊರೇ ಆ ಚಿತ್ರಕ್ಕೆ ಕುಗ್ಗುತ್ತದೆ.

ಇನ್ನೊಂದು ಪಕ್ಷಪಾತವನ್ನೂ ಗಮನಿಸಬೇಕು. ಯುರೋಪಿನ ಛಾಯೆಯ ಸಂತೆ ಬರಿಯ ‘ಸಂತೆ’ಯಾಗಿ, ನಮ್ಮ ಛಾಯೆಯದು ‘ಭಾರತೀಯ ಸಂತೆ’ಯಾಗಿ ದಾಖಲಾದರೆ, ಒಬ್ಬರ ಬದುಕು ಸಹಜವೆಂದೂ ಇನ್ನೊಬ್ಬರದು ವಿಶೇಷವೆಂದೂ ತೀರ್ಪು ಕೊಟ್ಟಂತಾಯಿತು. ವಿಶೇಷಣ ಹಚ್ಚುವುದಾದರೆ ಎರಡಕ್ಕೂ ಹಚ್ಚಬೇಕು. ಇಲ್ಲವೇ ಎರಡಕ್ಕೂ ಬಿಡಬೇಕು.

ನಮ್ಮ ನಿಲುವು ಇಷ್ಟೆ: ಕೃತಿ ಹೆಸರಿಸಿದ್ದನ್ನು ಆ ಹೆಸರಿನಲ್ಲೇ ಸೇರಿಸಿ, ಹೆಸರಿಸದ್ದನ್ನು ಮಾದರಿಯಾಗಿಯೇ ಉಳಿಸಿ, ಹೋಲಿಕೆಯನ್ನು ಲೇಖನದ ಒಡಲಿಗೆ ಬಿಡಿ. ಊರು ಬಿಟ್ಟು ಬಂದು ಪರವೂರನ್ನು ನಮ್ಮದಾಗಿಸಿಕೊಂಡವರಿಗೆ ಊರಿನ ಹೆಸರು ಎಷ್ಟು ತೂಗುತ್ತದೆಂಬುದನ್ನು ಬೇರೆ ಹೇಳಬೇಕಿಲ್ಲ.